ಎಣ್ಣೆತಾಳೆ ತವರು ಬಿಟ್ಟು ಬಂದ ದಾರಿ

ಬೇಕರಿಯ ಬಿಸ್ಕತ್ತಿನಿಂದ ಸ್ನಾನದ ಸಾಬೂನಿನವರೆಗೆ ಪಾಮಾಯಿಲ್ ಹೊಕ್ಕದ ವಸ್ತು ಕಡಿಮೆ. ಜಗತ್ತಿನಲ್ಲಿ ಅದನ್ನು ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದು. ಬರುವುದು ಬಹುಪಾಲು ಇಂಡೊನೇಷ್ಯಾ, ಮಲೇಷ್ಯಾಗಳಿಂದ. ಆದರೆ ಆ ಎಣ್ಣೆ ಕೊಡುವ ಮರವಾದ ಎಣ್ಣೆತಾಳೆಯ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಮಳೆಕಾಡಿನ ಸೀಮೆ.

ದಟ್ಟ ನೆರಳಿನಲ್ಲಿ ಈ ಮರ ಏಳುವುದಿಲ್ಲ. ಕಾಡಂಚು, ಹೊಳೆದಂಡೆ, ಬೇಸಾಯ ಮಾಡಿ ಪಾಳುಬಿಟ್ಟ ನೆಲಗಳೇ ಅದಕ್ಕೆ ಒಗ್ಗುತ್ತವೆ. ಅಲ್ಲಿನ ಜನ ಹಣ್ಣನ್ನು ಬೇಯಿಸಿ, ಕುಟ್ಟಿ ಅಡುಗೆಗೆ ಕೆಂಪೆಣ್ಣೆ ತೆಗೆಯುತ್ತಾರೆ. ಮರದಿಂದ ಹೆಂಡ ಇಳಿಸುತ್ತಾರೆ. ಗರಿಯ ಕಡ್ಡಿಯಲ್ಲಿ ಪೊರಕೆ ಕಟ್ಟುತ್ತಾರೆ. ಕಾಡೂ ಊರೂ ಹಂಚಿಕೊಂಡು ಬಾಳಿಸಿದ ಮರವಿದು.

19ನೇ ಶತಮಾನದಲ್ಲಿ ಯೂರೋಪಿನ ಯಂತ್ರಗಳಿಗೆ, ಸಾಬೂನು, ಮೇಣದಬತ್ತಿಗಳಿಗೆ ಈ ಎಣ್ಣೆ ಬೇಕಾಯಿತು. 1848ರಲ್ಲಿ ಡಚ್ಚರು ಜಾವಾದ ಬೊಗೋರ್ ಸಸ್ಯೋದ್ಯಾನದಲ್ಲಿ ನಾಲ್ಕು ಸಸಿ ನೆಟ್ಟರು. ಅವುಗಳ ಸಂತತಿ ಬಹುಕಾಲ ಅಲಂಕಾರಕ್ಕಷ್ಟೇ ಇತ್ತು. 1911ರಲ್ಲಿ ಸುಮಾತ್ರಾದಲ್ಲಿ, 1917ರಲ್ಲಿ ಮಲಯಾದಲ್ಲಿ ವಾಣಿಜ್ಯ ತೋಟಗಳು ಶುರುವಾದವು. ಕೊಯ್ದ ಗೊನೆಯನ್ನು ಒಂದೆರಡು ದಿನದೊಳಗೆ ಗಾಣಕ್ಕೆ ಹಾಕದಿದ್ದರೆ ಎಣ್ಣೆ ಕೆಡುತ್ತದೆ. ಹಾಗಾಗಿ ತೋಟದ ಪಕ್ಕದಲ್ಲೇ ಕಾರ್ಖಾನೆ ಬೇಕು, ಕಾರ್ಖಾನೆ ನಡೆಯಲು ಸುತ್ತಲೂ ಸಾವಿರಾರು ಎಕರೆ ತಾಳೆಯೇ ಬೇಕು. ಏಕಬೆಳೆಯ ಬೀಜ ಅಲ್ಲೇ ಇತ್ತು.

ಒಂದು ಅಡ್ಡಿ ಮಾತ್ರ ಉಳಿದಿತ್ತು. ಎಣ್ಣೆತಾಳೆಯಲ್ಲಿ ಗಂಡು ಹೂಗೊನೆ ಬೇರೆ, ಹೆಣ್ಣು ಹೂಗೊನೆ ಬೇರೆ. ಒಂದೇ ಮರದಲ್ಲಿ ಸರದಿಯಂತೆ ಬರುತ್ತವೆ. ಮಲೇಷ್ಯಾದ ತೋಟಗಳಲ್ಲಿ ಕೂಲಿಯವರು ಪರಾಗವನ್ನು ಕೈಯಾರೆ ಊದಬೇಕಿತ್ತು. ಆಫ್ರಿಕಾದಲ್ಲಿ ಈ ಕೆಲಸ ಮಾಡುತ್ತಿದ್ದುದು ಅಕ್ಕಿಕಾಳಿಗಿಂತ ಚಿಕ್ಕದಾದ ಮೂತಿಹುಳು. ಸೋಂಪಿನಂಥ ಘಮ ಸೂಸುವ ಗಂಡು ಹೂವೇ ಅದರ ಊಟ, ಅದರ ಹೆರಿಗೆಮನೆ. ಹೆಣ್ಣು ಹೂವೂ ಕೆಲಹೊತ್ತು ಅದೇ ಘಮ ಬೀರುತ್ತದೆ. ಮೋಸಹೋಗಿ ಬಂದ ಹುಳು ಮೈಗೆ ಅಂಟಿದ ಪರಾಗವನ್ನು ಅಲ್ಲಿ ಉದುರಿಸಿ ಹೋಗುತ್ತದೆ. ಕೀಟತಜ್ಞ ರಹಮಾನ್ ಸೈಯದ್ ಕ್ಯಾಮರೂನಿನಲ್ಲಿ ಇದನ್ನು ಕಂಡುಕೊಂಡರು. 1981ರಲ್ಲಿ ಹುಳುಗಳನ್ನು ಮಲೇಷ್ಯಾದ ತೋಟಗಳಿಗೆ ಬಿಟ್ಟರು. ಪರಾಗ ಊದುವ ಕೂಲಿ ತಪ್ಪಿತು, ಗೊನೆಗಳು ತುಂಬಿಕೊಂಡವು.

ಈ ಇಡೀ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ ತಿರುವು. ಮರವನ್ನು ತಂದವರು ಅದರ ಹುಳುವನ್ನೂ ತಂದರು, ಅದನ್ನು ಹದದಲ್ಲಿಟ್ಟಿದ್ದ ಕಾಡನ್ನು ತರಲಿಲ್ಲ. ಮುಂದಿನ ದಶಕಗಳಲ್ಲಿ ಸುಮಾತ್ರಾ, ಬೋರ್ನಿಯೋಗಳ ಒರಾಂಗುಟಾನ್ ಕಾಡುಗಳು ತೋಟಗಳಾದವು. ಅರೆಕೊಳೆತ ಗಿಡಮರಗಳ ಪದರವಾದ ತೇವದ ಪೀಟ್ ನೆಲಕ್ಕೆ ಕಾಲುವೆ ತೋಡಿ ನೀರು ಬಸಿದರು. ಒಣಗಿದ ಆ ನೆಲಕ್ಕೆ ಬಿದ್ದ ಬೆಂಕಿಯ ಹೊಗೆ 1997ರಲ್ಲೂ 2015ರಲ್ಲೂ ಸಿಂಗಪುರದ ಆಕಾಶವನ್ನೇ ಮುಚ್ಚಿತು. ಮರವನ್ನು ದೂರುವುದರಲ್ಲಿ ಅರ್ಥವಿಲ್ಲ. ಎಕರೆಗೆ ಇಷ್ಟು ಎಣ್ಣೆ ಕೊಡುವ ಬೆಳೆ ಮತ್ತೊಂದಿಲ್ಲ. ಅದನ್ನು ಎಲ್ಲಿ, ಏನನ್ನು ಕಡಿದು ನೆಡುತ್ತೇವೆ ಎಂಬುದೇ ಪ್ರಶ್ನೆ.

ಆ ಪ್ರಶ್ನೆ ಈಗ ನಮ್ಮ ಅಂಗಳದಲ್ಲೇ ಇದೆ. ಕರ್ನಾಟಕದಲ್ಲಿ ಎಣ್ಣೆತಾಳೆ ನೀರಾವರಿ ಜಮೀನಿನ ಬೆಳೆ. ಅಲ್ಲಿ ಕಾಡಿಗಿಂತ ನೀರಿನ ಲೆಕ್ಕವೇ ದೊಡ್ಡದು. 2021ರಲ್ಲಿ ಕೇಂದ್ರ ಸರ್ಕಾರ 11,040 ಕೋಟಿ ರೂಪಾಯಿಯ ಎಣ್ಣೆತಾಳೆ ಯೋಜನೆ ಘೋಷಿಸಿ, ಈಶಾನ್ಯ ರಾಜ್ಯಗಳು ಮತ್ತು ಅಂಡಮಾನ್ ಮೇಲೆ ವಿಶೇಷ ಒತ್ತು ಕೊಟ್ಟಿತು. ಎರಡೂ ಮಳೆಕಾಡಿನ ನಾಡುಗಳು. ಒಂಗೆ ಬುಡಕಟ್ಟು ಜನರ ನೆಲೆಯಾದ ಲಿಟಲ್ ಅಂಡಮಾನ್ ದ್ವೀಪದಲ್ಲಿ 1970ರ ದಶಕದಲ್ಲೇ ಕಾಡು ತೆಗೆದು ಎಣ್ಣೆತಾಳೆ ನೆಡಲಾಗಿತ್ತು. 1980ರ ದಶಕದಲ್ಲಿ ಪರಿಸರದ ಕಾರಣಕ್ಕೆ ಅದರ ವಿಸ್ತರಣೆಯನ್ನು ಸರ್ಕಾರವೇ ನಿಲ್ಲಿಸಿತ್ತು. ಹೊಸ ಯೋಜನೆಗೆ ನೆಲ ಗುರುತಿಸುವವರು ಆ ಕಡತವನ್ನು ಮೊದಲು ತೆರೆಯಬೇಕು.