ಎರಡು ಸದನಗಳು ಒಪ್ಪದಿದ್ದರೆ ಮಸೂದೆ ಏನಾಗುತ್ತದೆ?

ಮಸೂದೆಗಳ ಪಾಠವನ್ನು ನಮ್ಮಲ್ಲಿ ಹೆಚ್ಚಿನವರು ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡುತ್ತೇವೆ. ಎಲ್ಲಿ ಮಂಡಿಸಬೇಕು, ಯಾರ ಶಿಫಾರಸು ಬೇಕು, ಎಷ್ಟು ದಿನ, ಯಾವ ಬಹುಮತ. ಎರಡು ವಾರ ಬಿಟ್ಟು ನೋಡಿದರೆ ಎಲ್ಲ ಕಲಸಿಹೋಗಿರುತ್ತದೆ. ನನಗೂ ಹಾಗೇ ಆಗುತ್ತಿತ್ತು. ಆಮೇಲೆ ಒಂದೇ ಪ್ರಶ್ನೆ ಹಿಡಿದು ಓದತೊಡಗಿದೆ: ಲೋಕಸಭೆ ಹೂಂ ಅಂದು, ರಾಜ್ಯಸಭೆ ಉಹೂಂ ಅಂದರೆ ಮುಂದೇನು? ಒಂದೊಂದು ಬಗೆಯ ಮಸೂದೆಗೂ ಇದರ ಉತ್ತರ ಬೇರೆ. ಉಳಿದ ನಿಯಮಗಳು ಈ ಉತ್ತರದ ಬೆನ್ನಿಗೇ ಬರುತ್ತವೆ.

ಮೊದಲು ಸಾಮಾನ್ಯ ಮಸೂದೆ. ಇದನ್ನು ಯಾವ ಸದನದಲ್ಲಾದರೂ ಮಂಡಿಸಬಹುದು. ಮಂತ್ರಿಯೇ ತರಬೇಕೆಂದಿಲ್ಲ, ಖಾಸಗಿ ಸದಸ್ಯರೂ ತರಬಹುದು. ಪ್ರತಿ ಸದನದಲ್ಲೂ ಮೂರು ವಾಚನ, ಕೊನೆಗೆ ಸರಳ ಬಹುಮತ, ಅಂದರೆ ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು. ಸದನಗಳು ಜಗಳಕ್ಕೆ ಬಿದ್ದರೆ ಸಂವಿಧಾನದ 108ನೇ ವಿಧಿ ದಾರಿ ತೋರಿಸುತ್ತದೆ. ಒಂದು ಸದನ ಪಾಸು ಮಾಡಿದ್ದನ್ನು ಇನ್ನೊಂದು ತಿರಸ್ಕರಿಸಿದರೆ, ತಿದ್ದುಪಡಿಯಲ್ಲಿ ಒಮ್ಮತ ಬರದಿದ್ದರೆ, ಅಥವಾ ಆರು ತಿಂಗಳಿಗಿಂತ ಜಾಸ್ತಿ ಸುಮ್ನೆ ಇಟ್ಟುಕೊಂಡರೆ ರಾಷ್ಟ್ರಪತಿ ಜಂಟಿ ಅಧಿವೇಶನ ಕರೆಯಬಹುದು. ಅಧ್ಯಕ್ಷತೆ ಲೋಕಸಭಾ ಸ್ಪೀಕರ್ ಅವರದು. ಲೋಕಸಭೆಯ ಸದಸ್ಯರು 543, ರಾಜ್ಯಸಭೆಯವರು 245. ಎಲ್ಲರೂ ಒಂದೇ ಕಡೆ ಕೂತು ಮತ ಹಾಕಿದರೆ ಯಾರ ಮಾತು ನಡೆಯುತ್ತದೆ ಅಂತ ಲೆಕ್ಕ ಹಾಕಿ ನೋಡಿ.

ಈ ದಾರಿ ಹಿಡಿದದ್ದು ಇದುವರೆಗೆ ಮೂರೇ ಸಲ: 1961ರ ವರದಕ್ಷಿಣೆ ನಿಷೇಧ ಮಸೂದೆ, 1978ರ ಬ್ಯಾಂಕಿಂಗ್ ಸೇವಾ ಆಯೋಗ ರದ್ದತಿ ಮಸೂದೆ, 2002ರ ಭಯೋತ್ಪಾದನೆ ತಡೆ ಮಸೂದೆ, ಅಂದರೆ ಪೋಟಾ.

ಈಗ ಧನ ಮಸೂದೆ, 110ನೇ ವಿಧಿ. ಕೆಲವು ಗೈಡ್‌ಗಳಲ್ಲಿ ಇದನ್ನೂ ಹಣಕಾಸು ಮಸೂದೆ ಅಂತಲೇ ಬರೆದಿರುತ್ತಾರೆ, ಹುಷಾರು. ತೆರಿಗೆ, ಸರ್ಕಾರದ ಸಾಲ, ಸಂಚಿತ ನಿಧಿಯಿಂದ (ಸರ್ಕಾರದ ಆದಾಯ ಸೇರುವ ಮುಖ್ಯ ಖಜಾನೆಯಿಂದ) ಹಣ ತೆಗೆಯುವುದು, ಇಂಥ ವಿಷಯಗಳು ಮಾತ್ರ ಇದರಲ್ಲಿರಬೇಕು. ಆ 'ಮಾತ್ರ' ಅನ್ನುವ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ. ರಾಷ್ಟ್ರಪತಿಯ ಶಿಫಾರಸಿನೊಂದಿಗೆ ಲೋಕಸಭೆಯಲ್ಲೇ ಮಂಡಿಸಬೇಕು. ಇಲ್ಲಿ ರಾಜ್ಯಸಭೆಗೆ ಬೇಡ ಅನ್ನುವ ಅಧಿಕಾರವೇ ಇಲ್ಲ. 14 ದಿನದೊಳಗೆ ಸಲಹೆ ಕೊಟ್ಟು ವಾಪಸ್ ಕಳಿಸಬೇಕು. ಸಲಹೆ ಕೇಳುವುದೂ ಬಿಡುವುದೂ ಲೋಕಸಭೆಗೆ ಬಿಟ್ಟದ್ದು.

ಹಾಗಾಗಿ ಯಾವುದು ಧನ ಮಸೂದೆ ಅಂತ ಸ್ಪೀಕರ್ ಕೊಡುವ ಪ್ರಮಾಣಪತ್ರ ಬಹಳ ದೊಡ್ಡ ವಿಷಯ. ಧನ ಮಸೂದೆಯಾಗಿ ಬಂದ ಆಧಾರ್ ಮಸೂದೆ ನೆನಪಿದೆ ಅಲ್ವಾ? 2016ರ ಮಾರ್ಚ್ 16ರಂದು ರಾಜ್ಯಸಭೆ ತಿದ್ದುಪಡಿಗಳನ್ನು ಸೂಚಿಸಿ ವಾಪಸ್ ಕಳಿಸಿತು. ಅದೇ ದಿನ ಲೋಕಸಭೆ ಅವನ್ನು ತಳ್ಳಿಹಾಕಿತು. ಅಲ್ಲಿಗೆ ಸಂಸತ್ತಿನ ಕೆಲಸ ಮುಗಿಯಿತು. 2018ರಲ್ಲಿ ಸುಪ್ರೀಂ ಕೋರ್ಟ್ 4:1ರಲ್ಲಿ ಇದನ್ನು ಧನ ಮಸೂದೆಯೆಂದು ಒಪ್ಪಿತು. ಒಪ್ಪದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಆ ಭಿನ್ನ ತೀರ್ಪನ್ನು ಓದಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಎರಡನೇ ಸದನ ಯಾಕೆ ಬೇಕು ಅನ್ನುವುದು ಅದನ್ನು ಓದಿದಾಗ ಮನಸ್ಸಿಗೆ ನಾಟುತ್ತದೆ.

117ನೇ ವಿಧಿಯ ಹಣಕಾಸು ಮಸೂದೆಗೆ ಜಾಸ್ತಿ ಹೊತ್ತು ಬೇಡ. ಹಣದ ವಿಷಯದ ಜೊತೆಗೆ ಬೇರೆ ವಿಷಯವೂ ಸೇರಿರುತ್ತದೆ. ಆದ್ದರಿಂದ ರಾಜ್ಯಸಭೆ ತಿರಸ್ಕರಿಸಬಹುದು, ಜಂಟಿ ಅಧಿವೇಶನವೂ ಆಗಬಹುದು.

ಸಂವಿಧಾನ ತಿದ್ದುಪಡಿ ಮಸೂದೆಯಲ್ಲಿ, ಅಂದರೆ 368ನೇ ವಿಧಿಯಲ್ಲಿ, ಎರಡೂ ಸದನಗಳು ಸರಿಸಮ. ಜಂಟಿ ಅಧಿವೇಶನ ಇಲ್ಲವೇ ಇಲ್ಲ. ಒಂದು ಸದನ ಬೇಡ ಅಂದರೆ ಮಸೂದೆ ಅಲ್ಲಿಗೇ ಬಿತ್ತು. ಬಹುಮತಕ್ಕೆ ಎರಡು ಅಳತೆಗಳಿವೆ: ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು, ಮತ್ತು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ. ಲೋಕಸಭೆಯಲ್ಲಿ 360 ಮಂದಿ ಮತ ಹಾಕಿದರು ಅಂದುಕೊಳ್ಳಿ. ಮೂರನೇ ಎರಡು ಅಂದರೆ 240. ಅದು ಸಾಲದು, 272 ಬೇಕೇ ಬೇಕು. 450 ಮಂದಿ ಮತ ಹಾಕಿದರೆ 300 ಬೇಕು.

ಈ ಲೆಕ್ಕದ ಬಿಸಿ ಎಂಥದ್ದು ಅನ್ನುವುದಕ್ಕೆ 1970ರ ರಾಜಧನದ ಕಥೆ ಇದೆ. ಹಳೆಯ ರಾಜರಿಗೆ ಸರ್ಕಾರ ವರ್ಷವರ್ಷ ಹಣ ಕೊಡುತ್ತಿತ್ತು. ಆ ಹೊತ್ತಿಗೆ ಎಲ್ಲರಿಗಿಂತ ಹೆಚ್ಚು ಬರುತ್ತಿದ್ದದ್ದು ನಮ್ಮ ಮೈಸೂರು ಮಹಾರಾಜರಿಗೆ, 26 ಲಕ್ಷ ರೂಪಾಯಿ. ಇದನ್ನು ನಿಲ್ಲಿಸುವ ತಿದ್ದುಪಡಿ ಲೋಕಸಭೆ ದಾಟಿತು. ರಾಜ್ಯಸಭೆಯಲ್ಲಿ ಪರ 149, ವಿರುದ್ಧ 75. ಒಟ್ಟು 224ರ ಮೂರನೇ ಎರಡು ಭಾಗ 149.33. ಒಂದು ಮತದ ಮೂರನೇ ಒಂದು ಭಾಗ ಕಡಿಮೆಯಾಗಿ ಮಸೂದೆ ಬಿದ್ದುಹೋಯಿತು. ಕೊನೆಗೆ ರಾಜಧನ ನಿಂತದ್ದು ಹೊಸ ಲೋಕಸಭೆ ಬಂದ ಮೇಲೆ, 1971ರ 26ನೇ ತಿದ್ದುಪಡಿಯಿಂದ.

ರಾಷ್ಟ್ರಪತಿಯ ಅಂಕಿತವೂ ಇದೇ ಜಾಡಿನಲ್ಲಿದೆ. ಸಾಮಾನ್ಯ ಮಸೂದೆಯನ್ನು ಒಮ್ಮೆ ವಾಪಸ್ ಕಳಿಸಬಹುದು. ಸದನಗಳು ಮತ್ತೆ ಪಾಸು ಮಾಡಿದರೆ ಅಂಕಿತ ಹಾಕಲೇಬೇಕು. ಆದರೆ ಎಷ್ಟು ದಿನದೊಳಗೆ ಅಂತ ಸಂವಿಧಾನ ಹೇಳಿಲ್ಲ. 1986ರ ಅಂಚೆ ಕಚೇರಿ ತಿದ್ದುಪಡಿ ಮಸೂದೆಗೆ ಆಗಿನ ರಾಷ್ಟ್ರಪತಿ ಜೈಲ್ ಸಿಂಗ್ ಅಂಕಿತವನ್ನೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ. ಧನ ಮಸೂದೆಯನ್ನು ಹೀಗೆ ಮರುಪರಿಶೀಲನೆಗೆ ಕಳಿಸುವಂತಿಲ್ಲ. ಸಂವಿಧಾನ ತಿದ್ದುಪಡಿಗೆ ಅಂಕಿತ ಹಾಕುವುದು 1971ರ 24ನೇ ತಿದ್ದುಪಡಿಯಿಂದ ಕಡ್ಡಾಯ.

ನಮ್ಮ ರಾಜ್ಯದಲ್ಲೂ ಎರಡು ಸದನಗಳಿವೆ. ಪರೀಕ್ಷೆಯಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ವಿಧಾನಸಭೆಗೂ ಪರಿಷತ್ತಿಗೂ ಜಂಟಿ ಮತದಾನದ ದಾರಿ ಇಲ್ಲ. 197ನೇ ವಿಧಿಯ ಪ್ರಕಾರ ಸಾಮಾನ್ಯ ಮಸೂದೆಯನ್ನು ಪರಿಷತ್ತು ತಿರಸ್ಕರಿಸಿದರೆ, ಅಥವಾ ಮೂರು ತಿಂಗಳು ಮೀರಿ ಇಟ್ಟುಕೊಂಡರೆ, ವಿಧಾನಸಭೆ ಅದನ್ನು ಮತ್ತೆ ಪಾಸು ಮಾಡಿ ಕಳಿಸಬಹುದು. ಎರಡನೇ ಸಲ ಪರಿಷತ್ತು ಒಂದು ತಿಂಗಳು ತಡೆಯಬಹುದು, ಅಷ್ಟೇ. ಆಮೇಲೆ ಎರಡೂ ಸದನಗಳು ಒಪ್ಪಿದವು ಅಂತಲೇ ಲೆಕ್ಕ. 'ಪರಿಷತ್ತಿನಲ್ಲಿ ಮಸೂದೆಗೆ ಸೋಲು' ಅನ್ನುವ ತಲೆಬರಹ ಕಂಡಾಗ ಮಸೂದೆ ಸತ್ತೇಹೋಯಿತು ಅಂದುಕೊಳ್ಳಬೇಡಿ. ಅದು ಮತ್ತೆ ಬರುತ್ತದೋ ಇಲ್ಲವೋ ಅನ್ನುವುದು ಇನ್ನೂ ವಿಧಾನಸಭೆಯ ಕೈಯಲ್ಲೇ ಇರುತ್ತದೆ.