ಎರಡು ಎಕರೆ ಹೊಲ: ಇಟ್ಟುಕೊಳ್ಳೋದಾ, ಮಾರೋದಾ?

ಪ್ರಶ್ನೆ: ನಮ್ಮದು ಎರಡು ಎಕರೆ ಖುಷ್ಕಿ. ರಾಗಿ ಬೆಳೆಯುತ್ತೇವೆ. ಅಕ್ಕಪಕ್ಕದ ಹೊಲಗಳನ್ನೆಲ್ಲ ಪೇಟೆಯವರು ಒಟ್ಟಿಗೆ ಕೊಂಡು ಬೇಲಿ ಹಾಕುತ್ತಿದ್ದಾರೆ. ಮನೆಮಂದಿಯೇ ದುಡಿದು ಇಷ್ಟರಲ್ಲಿ ಬದುಕೋಕೆ ಆಗುತ್ತಾ?

ಉತ್ತರ: ರಾಗಿ ಒಂದನ್ನೇ ನಂಬಿದರೆ ಆಗಲ್ಲ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಎಕರೆಗೆ 8 ಕ್ವಿಂಟಾಲ್ ಬಂತು ಅಂತಲೇ ಇಟ್ಟುಕೊಳ್ಳಿ. ಎರಡು ಎಕರೆಗೆ ಸುಮಾರು 78 ಸಾವಿರ. ಉಳುಮೆ, ಗೊಬ್ಬರ, ಕೊಯ್ಲಿನ ಖರ್ಚು ಕಳೆದರೆ ವರ್ಷವಿಡೀ ಸಂಸಾರ ನಡೆಯುವಷ್ಟು ಎಲ್ಲಿ ಉಳಿಯುತ್ತೆ?

ಇದು ನಿಮ್ಮೊಬ್ಬರ ಕಷ್ಟವಲ್ಲ. 2015-16ರ ಕೃಷಿ ಗಣತಿ ಪ್ರಕಾರ ದೇಶದ ನೂರು ಹಿಡುವಳಿಗಳಲ್ಲಿ 86 ಐದು ಎಕರೆಯೊಳಗಿನವೇ.

ಆದರೆ ಸಣ್ಣ ಹೊಲಕ್ಕೆ ಅದರದೇ ಬಲ ಇದೆ. ಅಕ್ಕಡಿ ಸಾಲನ್ನೇ ನೋಡಿ. ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಅಲಸಂದೆ. ಮಳೆ ಕೈಕೊಟ್ಟು ರಾಗಿ ಬಾಡಿದರೂ ಆಳಕ್ಕೆ ಬೇರು ಬಿಟ್ಟ ತೊಗರಿ ತಡೆದು ನಿಲ್ಲುತ್ತೆ. ರಾಗಿ ಕೊಯ್ದ ಮೇಲೂ ಅವರೆ ಸಾಲು ಹಸಿರಾಗಿರುತ್ತೆ, ಬುಟ್ಟಿ ಹಿಡಿದು ಹೋದರೆ ಸಾರಿಗೆ ಸೊಗಡು ಕಾಯಿ ಸಿಗುತ್ತೆ. ಒಂದೊಂದು ಬೆಳೆ ಒಂದೊಂದು ಸಲ ಕೊಯ್ಲಿಗೆ ಬರುವುದರಿಂದ ಇಲ್ಲಿ ಕಟಾವು ಮಷಿನ್ ಓಡಲ್ಲ. ದೊಡ್ಡ ಜಮೀನಿನವರಿಗೆ ಇದೇ ತೊಡಕು. ಮನೆಯವರ ಕೈಗೆ ಇದೇ ಅನುಕೂಲ.

ರಾಗಿ ಹುಲ್ಲು ಹಸುವಿಗೆ, ಸಗಣಿ ಹೊಲಕ್ಕೆ, ಹಾಲು ಡೇರಿಗೆ. ಡೇರಿ ಬಟವಾಡೆಯೇ ಅಂಗಡಿ ಸಾಮಾನು, ಮಕ್ಕಳ ಫೀಸು ನೋಡಿಕೊಳ್ಳುತ್ತೆ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಬೇರೆ. ಒಂದು ಮಾತು: ಬೆಳಗಿನ ಜಾವ ಎದ್ದು ಹಾಲು ಕರೆಯುವ ಹೆಂಗಸರ ದುಡಿಮೆಯನ್ನೂ ಕೂಲಿ ಅಂತಲೇ ಲೆಕ್ಕಕ್ಕೆ ಬರೆಯಿರಿ. ಆಗಷ್ಟೇ ನಿಜವಾದ ಲಾಭ ಗೊತ್ತಾಗೋದು.

ನೈಸರ್ಗಿಕ ಕೃಷಿ ಅಂತ ಯಾರೋ ಹೇಳಿದರು ಎಂದು ಪೂರ್ತಿ ಹೊಲವನ್ನು ಒಮ್ಮೆಲೇ ಬದಲಾಯಿಸಬೇಡಿ. ಶುರುವಿನಲ್ಲಿ ಇಳುವರಿ ಬೀಳಬಹುದು. ಅರ್ಧ ಎಕರೆಯಲ್ಲಿ ಮಾಡಿ ನೋಡಿ.

ಇನ್ನು ಮಾರುವ ಮಾತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಹಾಗಾಗಿ ಕೇಳುವವರು ಜಾಸ್ತಿ, ಬೆಲೆಯೂ ಜೋರು. ಒಮ್ಮೆ ಕೊಟ್ಟರೆ ಆ ಬೆಲೆಗೆ ನಾವು ಮತ್ತೆ ಕೊಳ್ಳೋದು ಕನಸೇ. ಸಾಲಕ್ಕೆ ಹೆದರಿ ಮಾರಬೇಕು ಅಂತಿದ್ದರೆ ಮೊದಲು ಊರಿನ ಸೊಸೈಟಿಗೆ ಹೋಗಿ ಬನ್ನಿ. ಸಹಕಾರ ಸಂಘಗಳಲ್ಲಿ ಬೆಳೆ ಸಾಲಕ್ಕೆ 5 ಲಕ್ಷದವರೆಗೆ ಬಡ್ಡಿ ಇಲ್ಲ, ಗಡುವಿನೊಳಗೆ ಕಟ್ಟಬೇಕು ಅಷ್ಟೇ. ಪಹಣಿ, ಆಧಾರ್ ಜೊತೆಗಿರಲಿ.