14 ನಡೆಗೇ ಡ್ರಾ ಆದರೆ ಅದೂ ಆಟಾನಾ?

ಗೋವಾದ ವಾಸ್ಕೋದಲ್ಲಿರುವ ಗದಗ ಕಡೆಯ ತಾಯಿಯೊಬ್ಬರ ಪ್ರಶ್ನೆ: "ಮಡಗಾಂವ್ ಚೆಸ್ ಟೂರ್ನಿಯಲ್ಲಿ ನನ್ನ ಮಗಳು ಕಪ್ಪು ಕಾಯಿ ಆಡಿದಳು. 14ನೇ ನಡೆಗೇ ಡ್ರಾ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ರಾ ಅಂತ ಪಕ್ಕದವರು ಕೇಳಿದರು. ಇದು ಸರೀನಾ?"

ಸರಿಯಾಗೇ ಇದೆ ಅಕ್ಕಾ. ನೀವು ಕಳಿಸಿದ ಸ್ಕೋರ್‌ಶೀಟ್ (ನಡೆಗಳನ್ನು ಬರೆದಿಟ್ಟ ಹಾಳೆ) ನೋಡಿದೆ. ಇದು ಬರ್ಲಿನ್ ಡಿಫೆನ್ಸ್ ಅನ್ನೋ ಆರಂಭದ ಪಟ್ಟು. ಬಿಳಿ ಒಂಟೆ ಬಿ5 ಅನ್ನೋ ಮನೆಗೆ ಬಂದ ಕೂಡಲೇ ಕಪ್ಪು ಕುದುರೆ ಎಫ್6ಕ್ಕೆ ಹಾರುತ್ತದೆ. 2000ದಲ್ಲಿ ಲಂಡನ್‌ನಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಎದುರು ಕ್ರಾಮ್ನಿಕ್ ಕಪ್ಪು ಕಾಯಿಯಲ್ಲಿ ನಾಲ್ಕು ಸಲ ಇದನ್ನೇ ಆಡಿದರು. ನಾಲ್ಕೂ ಡ್ರಾ. ಕಾಸ್ಪರೋವ್ ಒಂದು ಆಟವನ್ನೂ ಗೆಲ್ಲದೆ ವಿಶ್ವ ಕಿರೀಟ ಕಳೆದುಕೊಂಡರು.

ಆದರೆ ಅವು ಬೇರೆ ದಾರಿಯ ಆಟಗಳು. ಅಲ್ಲಿ 6ನೇ ನಡೆಯಲ್ಲಿ ಬಿಳಿ ಒಂಟೆ ಸಿ6ರ ಕುದುರೆಯನ್ನು ಹೊಡೆಯುತ್ತದೆ. ಆಮೇಲೆ ಎರಡೂ ಕಡೆಯ ಮಂತ್ರಿಗಳು (ಮಗಳು ರಾಣಿ ಅನ್ನಬಹುದು) ಹಲಗೆಯಿಂದ ಹೋಗಿ ಉದ್ದನೆಯ ಹೋರಾಟ ಶುರು. ನಿಮ್ಮ ಮಗಳ ಎದುರಾಳಿ ಒಂಟೆ ಬಿಟ್ಟು ಕಾಲಾಳಿನಿಂದ ಇ5ರ ಕಾಲಾಳನ್ನು ಹೊಡೆದರು. ಡ್ರಾದ ದಾರಿ ಹಿಡಿದದ್ದು ಬಿಳಿ, ನಿಮ್ಮ ಮಗಳಲ್ಲ.

ಕೊನೆಯಲ್ಲಿ ಏನಾಯಿತು ನೋಡಿ. ಬಿಳಿ ಮಂತ್ರಿ ಡಿ4ರಲ್ಲಿ, ಕಪ್ಪು ಮಂತ್ರಿ ಡಿ6ರಲ್ಲಿ, ಎದುರುಬದುರು. ಬಿಳಿ ಇ4ಕ್ಕೆ ಸರಿದು ಚೆಕ್ ಕೊಡುತ್ತದೆ. ಕಪ್ಪು ಮಂತ್ರಿ ಇ6ಕ್ಕೆ ಬಂದು ಅಡ್ಡ ನಿಲ್ಲುತ್ತದೆ. ಬಿಳಿ ಮತ್ತೆ ಡಿ4ಕ್ಕೆ ಹೋಗಿ ಜಿ7ರ ಕಾಲಾಳಿನ ಮೇಲೆ ಕಣ್ಣಿಡುತ್ತದೆ. ಕಪ್ಪು ಮತ್ತೆ ಡಿ6. ಹೀಗೆ 10, 12, 14ನೇ ನಡೆಯ ನಂತರ ಹಲಗೆ ಒಂದೇ ಥರ ಕಾಣುತ್ತದೆ. ಮೂರು ಸಲ ಅದೇ ಸ್ಥಿತಿ ಬಂದರೆ ಡ್ರಾ ಕೇಳುವ ಹಕ್ಕಿದೆ. ಮಂತ್ರಿಗಳನ್ನು ಹೊಡೆದಾಡಿಸಿದರೂ ಬಿಳಿಗೆ ಜಾಸ್ತಿ ಲಾಭ ಇಲ್ಲ.

ಇಬ್ಬರೂ ಒಪ್ಪಂದ ಮಾಡಿಕೊಂಡು ಬಂದಿದ್ದರೆ ಅದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಕೋರ್‌ಶೀಟ್ ನೋಡಿ ಸುಮ್ನೆ ಹಾಗೆ ಹೇಳಬಾರದು. ದೊಡ್ಡವರೇ ಈ ಸಾಲನ್ನು (ನಡೆಗಳ ಸರಣಿಯನ್ನು) ಎಷ್ಟೋ ಸಲ ಆಡಿದ್ದಾರೆ. ಡ್ರಾ ಅನ್ನೋದೂ ಹೊಸದಲ್ಲ: 2025ರಲ್ಲಿ ನಮ್ಮ ಗೋವಾದಲ್ಲೇ ನಡೆದ ವಿಶ್ವಕಪ್ ಫೈನಲ್‌ನ ಎರಡೂ ಕ್ಲಾಸಿಕಲ್ (ದೀರ್ಘ ಸಮಯದ) ಆಟ ಡ್ರಾ ಆಗಿ, ಉಜ್ಬೇಕಿಸ್ತಾನದ ಸಿಂದರೋವ್ ಟೈಬ್ರೇಕ್‌ನಲ್ಲಿ (ವೇಗದ ಆಟಗಳಲ್ಲಿ) ಗೆದ್ದರು, ಅಲ್ವಾ?

ಮಗಳಿಗೆ ಬಿಳಿ ಬಂದಾಗ ಮಾತ್ರ ಈ ಸಾಲು ಬೇಡ. ಕಲಿಯುವ ವಯಸ್ಸಿನಲ್ಲಿ ಆಡಬೇಕು. 4ನೇ ನಡೆಗೆ ಕ್ಯಾಸಲಿಂಗ್ (ರಾಜ, ಆನೆ ಒಟ್ಟಿಗೆ ಸರಿಸುವ ನಡೆ) ಬದಲು ಕಾಲಾಳನ್ನು ಡಿ3ಕ್ಕೆ ಇಡಲಿ, ಕಾಯಿಗಳೆಲ್ಲ ಉಳಿದು ಆಟ ಬೆಳೆಯುತ್ತದೆ.

ಇನ್ನೊಂದು. ತನ್ನ ನಡೆಯಿಂದಲೇ ಅದೇ ಸ್ಥಿತಿ ಮೂರನೇ ಸಲ ಬರುವುದಿದ್ದರೆ ಕಾಯಿ ಮುಟ್ಟಬಾರದು. ಆ ನಡೆ ಬರೆದು, ಗಡಿಯಾರ ನಿಲ್ಲಿಸಿ, ಆರ್ಬಿಟರ್ (ತೀರ್ಪುಗಾರರು) ಅನ್ನು ಕರೆದು ಡ್ರಾ ಕೇಳಬೇಕು. ಅವಳು ಹಾಗೇ ಮಾಡಿದಳಾ, ಕೇಳಿ ನೋಡಿ.